ಲೋಡಿನ ಲೆಕ್ಕ, ಟನ್ನಿನ ಲೆಕ್ಕ: ರೈತರಿಗೆ ಸಾಂದ್ರತೆಯ ಪಾಠ

ಎರಡೂವರೆ ಎಕರೆ, ಅಂದರೆ ಸುಮಾರು ಒಂದು ಹೆಕ್ಟೇರ್ ಹೊಲವಿರುವ ರೈತರೊಬ್ಬರ ಜಮೀನಿಗೆ ಕ್ಷೇತ್ರ ಭೇಟಿಗೆ ಹೋಗಿದ್ದೆ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕೆಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. "ಹಾಕ್ಸಿದೀನಿ ಸಾರ್, ಒಂದು ಟ್ರೇಲರಿಗೆ ಎರಡೂವರೆ ಟನ್ ಹಿಡಿಯುತ್ತೆ, ನಾಲ್ಕು ಲೋಡು ಹೊಡೆಸಿದೆ" ಎಂದರು. ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಬೆಳೆ ನೋಡಿದರೆ ಅಷ್ಟು ಗೊಬ್ಬರ ಬಿದ್ದ ಲಕ್ಷಣವಿರಲಿಲ್ಲ. ತಿಪ್ಪೆಯಲ್ಲಿ ಉಳಿದಿದ್ದ ಗೊಬ್ಬರವನ್ನು ಒಂದು ಬಕೆಟ್ಟಿನಲ್ಲಿ ತುಂಬಿ ತೂಗಿದಾಗ ಕಾರಣ ತಿಳಿಯಿತು. ಅವರ ಹೊಲಕ್ಕೆ ಬಿದ್ದಿದ್ದುದು 10 ಟನ್ ಅಲ್ಲ, ಐದೂವರೆ ಟನ್ನಿಗಿಂತಲೂ ಕಡಿಮೆ.

ಇದರಲ್ಲಿ ಗೊಬ್ಬರ ಮಾರಿದವರ ಮೋಸವೇನೂ ಇರಲಿಲ್ಲ. ಟ್ರೇಲರಿನ ಗಾತ್ರವನ್ನು ತೂಕವೆಂದು ತಿಳಿದದ್ದೇ ತಪ್ಪು. ಗಾತ್ರ ಮತ್ತು ತೂಕ ಇವೆರಡನ್ನೂ ಜೋಡಿಸುವ ಕೊಂಡಿಗೆ ಸಾಂದ್ರತೆ ಎಂದು ಹೆಸರು. ಈ ಕೊಂಡಿ ಕೈಯಲ್ಲಿದ್ದರೆ ಗೊಬ್ಬರ, ಮಣ್ಣು, ಜಿಪ್ಸಂ, ಹಾಲು, ಎಣ್ಣೆ, ಕಾಳು ಎಲ್ಲದರ ಲೆಕ್ಕವನ್ನೂ ರೈತರು ತಾವೇ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಗಣಿತ ಮಾಧ್ಯಮಿಕ ಶಾಲೆಯದಷ್ಟೇ.

ಸಾಂದ್ರತೆ ಎಂದರೇನು?

ಒಂದು ವಸ್ತುವಿನ ನಿರ್ದಿಷ್ಟ ಗಾತ್ರ ಎಷ್ಟು ತೂಗುತ್ತದೆ ಎಂಬುದೇ ಅದರ ಸಾಂದ್ರತೆ. ಒಂದೇ ಚೀಲದಲ್ಲಿ ಹೊಟ್ಟು ತುಂಬಿದರೆ ಮಕ್ಕಳೂ ಎತ್ತುತ್ತಾರೆ, ಮರಳು ತುಂಬಿದರೆ ಇಬ್ಬರು ಹಿಡಿಯಬೇಕು. ಚೀಲದ ಗಾತ್ರ ಒಂದೇ, ಸಾಂದ್ರತೆ ಬೇರೆ.

ಸಾಂದ್ರತೆ = ತೂಕ ÷ ಗಾತ್ರ
ತೂಕ = ಸಾಂದ್ರತೆ × ಗಾತ್ರ
ಗಾತ್ರ = ತೂಕ ÷ ಸಾಂದ್ರತೆ

ನಮ್ಮ ಹಿರಿಯರು ಕಾಳನ್ನು ಸೇರು, ಬಳ್ಳ, ಕೊಳಗ, ಖಂಡುಗಗಳಲ್ಲಿ ಅಳೆಯುತ್ತಿದ್ದರು. ಅವೆಲ್ಲ ಗಾತ್ರದ ಅಳತೆಗಳು, ಊರಿಂದ ಊರಿಗೆ ಬದಲಾಗುತ್ತಿದ್ದವು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು, ಕಾಳನ್ನು ಕಿಲೋ ಮತ್ತು ಕ್ವಿಂಟಾಲುಗಳಲ್ಲಿ ತೂಗಿ ಮಾರುವುದು ರೂಢಿಯಾಯಿತು. ಆದರೂ ಗೊಬ್ಬರವನ್ನು ಲೋಡಿನಲ್ಲಿ, ಕೆರೆ ಗೋಡನ್ನು ಟ್ರೇಲರಿನಲ್ಲಿ, ಎಣ್ಣೆಯನ್ನು ಲೀಟರಿನಲ್ಲಿ ಇಂದಿಗೂ ಗಾತ್ರದಿಂದಲೇ ಅಳೆಯುತ್ತೇವೆ. ಆದ್ದರಿಂದ ಎರಡು ಬಗೆಯ ಅಳತೆಗಳ ನಡುವೆ ಓಡಾಡುವುದು ನಮಗೆ ತಪ್ಪಿದ್ದಲ್ಲ.

ಏಕಮಾನಗಳು ಹಲವು, ವಸ್ತು ಒಂದೇ

ಮಣ್ಣಿನ ಪುಸ್ತಕದಲ್ಲಿ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಕೊಟ್ಟಿರುತ್ತಾರೆ. ಎಂಜಿನಿಯರುಗಳು ಘನ ಮೀಟರಿಗೆ ಇಷ್ಟು ಕಿಲೋ ಎನ್ನುತ್ತಾರೆ. ಧಾನ್ಯದ ಗುಣಮಟ್ಟ ನೋಡುವವರು ಹೆಕ್ಟೋಲೀಟರಿಗೆ (100 ಲೀಟರಿಗೆ) ಇಷ್ಟು ಕಿಲೋ ಎನ್ನುತ್ತಾರೆ. ಇವುಗಳಿಗೆಲ್ಲ ತಳಹದಿ ನೀರು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಇದು ಶೇಕಡಾ ಅರ್ಧದಷ್ಟು ಕಡಿಮೆಯಾಗಬಹುದು, ಹೊಲದ ಲೆಕ್ಕಕ್ಕೆ ಅದನ್ನು ಬಿಡಬಹುದು. ನೀರಿನ ಸಾಂದ್ರತೆಯನ್ನು ಬೇರೆ ಬೇರೆ ಏಕಮಾನಗಳಲ್ಲಿ ಹೀಗೆ ಬರೆಯಬಹುದು:

ಘನ ಸೆಂಟಿಮೀಟರಿಗೆ 1 ಗ್ರಾಂ
ಮಿಲಿ ಲೀಟರಿಗೆ 1 ಗ್ರಾಂ
ಲೀಟರಿಗೆ 1 ಕಿಲೋ
ಘನ ಮೀಟರಿಗೆ 1 ಟನ್
ಹೆಕ್ಟೋಲೀಟರಿಗೆ 100 ಕಿಲೋ
ಘನ ಮೀಟರಿಗೆ 1000 ಕಿಲೋ
ಲೀಟರಿಗೆ 1000 ಗ್ರಾಂ

ಈ ಏಳೂ ಒಂದೇ. ಮೊದಲ ನಾಲ್ಕರಲ್ಲಿ ಅಂಕಿ ಬದಲಾಗುವುದೇ ಇಲ್ಲ ಎಂಬುದನ್ನು ಗಮನಿಸಿರಿ. ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ ಎಂದಿದ್ದರೆ ಲೀಟರಿಗೆ 1.4 ಕಿಲೋ, ಘನ ಮೀಟರಿಗೆ 1.4 ಟನ್. ಇಲ್ಲಿ ಗುಣಾಕಾರವೇ ಬೇಡ. ಕಿಲೋ ಮತ್ತು ಘನ ಮೀಟರ್ ಎರಡೂ ಬಂದಾಗ ಮಾತ್ರ 1000ದಿಂದ ಗುಣಿಸಬೇಕು: 1400 ಕಿಲೋ. ಹೆಕ್ಟೋಲೀಟರಿನಿಂದ ಘನ ಮೀಟರಿಗೆ ಹೋಗಲು 10ರಿಂದ ಗುಣಿಸಬೇಕು. ಗೋಧಿ ಹೆಕ್ಟೋಲೀಟರಿಗೆ 78 ಕಿಲೋ ತೂಗಿದರೆ ಘನ ಮೀಟರಿಗೆ 780 ಕಿಲೋ.

ಎಲ್ಲಿ ಎಡವುತ್ತೇವೆ?

ವಿದ್ಯಾರ್ಥಿಯಾಗಿದ್ದಾಗ ನಾನೇ ಎಡವಿದ್ದೆ. ಕಪ್ಪು ಮಣ್ಣೊಂದರ ಸಾಂದ್ರತೆ 1.35 ಗ್ರಾಂ ಬಂದಿತ್ತು. ಒಂದು ಮೀಟರಿಗೆ 100 ಸೆಂಟಿಮೀಟರ್ ತಾನೇ ಎಂದು 100ರಿಂದ ಗುಣಿಸಿ, ಘನ ಮೀಟರಿಗೆ 135 ಕಿಲೋ ಎಂದು ಬರೆದು, ಅದರ ಮೇಲೆಯೇ ಒಂದು ಹೆಕ್ಟೇರಿನ ಮಣ್ಣಿನ ತೂಕ, ಹಾಕಬೇಕಾದ ಜಿಪ್ಸಂ ಎಲ್ಲವನ್ನೂ ಲೆಕ್ಕ ಹಾಕಿ ಗುರುಗಳ ಮುಂದೆ ಇಟ್ಟೆ. ಅವರು ಲೆಕ್ಕ ನೋಡಲೇ ಇಲ್ಲ. "ನಿನ್ನ ಮಣ್ಣು ನೀರಿನ ಮೇಲೆ ತೇಲುತ್ತದೇನಯ್ಯಾ?" ಎಂದು ಕೇಳಿದರು. ಒಂದು ಘನ ಮೀಟರ್ ನೀರು 1000 ಕಿಲೋ ತೂಗುವಾಗ ಅಷ್ಟೇ ಮಣ್ಣು 135 ಕಿಲೋ ತೂಗಿದರೆ ಅದು ಬೆಂಡಿಗಿಂತ ಹೆಚ್ಚಿನದಲ್ಲ. ಆ ಹಾಳೆಯ ಅಂಕಿಯನ್ನು ನಂಬಿ ಯಾರಾದರೂ ಜಿಪ್ಸಂ ಹಾಕಿದ್ದರೆ ಬೇಕಾದುದರ ಹತ್ತನೇ ಒಂದು ಭಾಗ ಮಾತ್ರ ಬೀಳುತ್ತಿತ್ತು.

ತಪ್ಪು ಎಲ್ಲಿದೆ ಎಂದರೆ, ಘನ ಮೀಟರಿನಲ್ಲಿ ಉದ್ದ 100 ಸೆಂ.ಮೀ., ಅಗಲ 100 ಸೆಂ.ಮೀ., ಎತ್ತರ 100 ಸೆಂ.ಮೀ. ಇರುತ್ತದೆ. 100 × 100 × 100 = 10,00,000 ಘನ ಸೆಂಟಿಮೀಟರ್. ಪ್ರತಿಯೊಂದೂ 1 ಗ್ರಾಂ ತೂಗಿದರೆ ಒಟ್ಟು 10 ಲಕ್ಷ ಗ್ರಾಂ, ಅಂದರೆ 1000 ಕಿಲೋ. ಆದ್ದರಿಂದ ಗುಣಕ 1000, 100 ಅಲ್ಲ. ಅಂದಿನಿಂದ ಯಾವ ಲೆಕ್ಕ ಮಾಡಿದರೂ ಕೊನೆಗೆ ನೀರಿನೊಂದಿಗೆ ಹೋಲಿಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ನೀರಿನಲ್ಲಿ ಮುಳುಗುವ ವಸ್ತುವಿಗೆ 1000ಕ್ಕಿಂತ ಹೆಚ್ಚು, ತೇಲುವುದಕ್ಕೆ 1000ಕ್ಕಿಂತ ಕಡಿಮೆ ಬರಬೇಕು. ಕಾಳಿನ ರಾಶಿ, ಗೊಬ್ಬರದ ಗುಡ್ಡೆಗಳಲ್ಲಿ ನಡುನಡುವೆ ಗಾಳಿ ಸೇರಿರುವುದರಿಂದ ಅವುಗಳಿಗೆ ಮಾತ್ರ ಈ ಮುಳುಗು-ತೇಲು ನಿಯಮ ಅನ್ವಯಿಸುವುದಿಲ್ಲ.

ಕೊಟ್ಟಿಗೆ ಗೊಬ್ಬರದ ಲೆಕ್ಕ

ಈಗ ಮೊದಲು ಹೇಳಿದ ರೈತರ ಲೆಕ್ಕಕ್ಕೆ ಬರೋಣ. ಇದಕ್ಕೆ ಒಂದು ಬಕೆಟ್, ಒಂದು ತಕ್ಕಡಿ ಮತ್ತು ಅಳತೆಯ ಟೇಪು ಸಾಕು.

1. ಬಕೆಟ್ಟಿನ ಗಾತ್ರವನ್ನು ಲೀಟರ್ ಅಳತೆಯಿಂದ ನೀರು ತುಂಬಿ ತಿಳಿದುಕೊಳ್ಳಬೇಕು. ಅವರ ಬಕೆಟ್ಟಿಗೆ ಕಂಠಮಟ್ಟ 15 ಲೀಟರ್ ಹಿಡಿಯಿತು.
2. ಗೊಬ್ಬರವನ್ನು ಟ್ರೇಲರಿಗೆ ತುಂಬುವ ಹಾಗೆಯೇ, ಒತ್ತದೆ, ಕಂಠಮಟ್ಟ ತುಂಬಿ ತೂಗಬೇಕು. ಬಕೆಟ್ಟಿನ ತೂಕ ಕಳೆದ ಮೇಲೆ 7.5 ಕಿಲೋ ಉಳಿಯಿತು.
3. 7.5 ÷ 15 = ಲೀಟರಿಗೆ 0.5 ಕಿಲೋ. ಅಂದರೆ ಘನ ಮೀಟರಿಗೆ 0.5 ಟನ್.
4. ಟ್ರೇಲರಿನ ಒಳ ಅಳತೆ: 3 ಮೀ. × 1.8 ಮೀ. × 0.5 ಮೀ. = 2.7 ಘನ ಮೀಟರ್.
5. ಒಂದು ಲೋಡಿನ ತೂಕ: 2.7 × 0.5 = 1.35 ಟನ್.

ನಾಲ್ಕು ಲೋಡಿಗೆ 5.4 ಟನ್ ಆಯಿತು. 10 ಟನ್ ಬೇಕಾದರೆ 10 ÷ 1.35, ಅಂದರೆ ಸುಮಾರು ಏಳೂವರೆ ಲೋಡು ಹೊಡೆಸಬೇಕಾಗಿತ್ತು. ಎರಡೂವರೆ ಟನ್ ಎಂಬುದು ಆ ಟ್ರೇಲರ್ ಹೊರಬಲ್ಲ ತೂಕವೇ ಹೊರತು ಅದರಲ್ಲಿ ತುಂಬಿದ ಗೊಬ್ಬರದ ತೂಕವಲ್ಲ. ಅದೇ ಟ್ರೇಲರಿಗೆ ಘನ ಮೀಟರಿಗೆ 1.2 ಟನ್ ತೂಗುವ ಕೆರೆ ಗೋಡನ್ನು ತುಂಬಿದರೆ 3.24 ಟನ್ ಆಗಿ ಹೊರೆ ಮಿತಿ ಮೀರುತ್ತದೆ.

ಬಕೆಟ್ಟಿನ ಪರೀಕ್ಷೆಯಿಂದ ಇನ್ನೊಂದು ಉಪಯೋಗವಿದೆ. ನೋಡಲು ಒಂದೇ ತೆರನಾದ ಎರಡು ಗೊಬ್ಬರಗಳಲ್ಲಿ ಒಂದು ಲೀಟರಿಗೆ 0.5 ಕಿಲೋ, ಇನ್ನೊಂದು 0.9 ಕಿಲೋ ತೂಗಿದರೆ ಎರಡನೆಯದರಲ್ಲಿ ನೀರು ಹೆಚ್ಚಾಗಿದೆ ಅಥವಾ ಮಣ್ಣು ಬೆರೆತಿದೆ ಎಂದು ಅನುಮಾನಿಸಬೇಕು. ತೂಕದ ಮೇಲೆ ಗೊಬ್ಬರ ಕೊಳ್ಳುವವರು ಹಣ ಕೊಡುವ ಮುನ್ನ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಮಣ್ಣಿನ ಸಾಂದ್ರತೆಯನ್ನು ಕಂಡುಹಿಡಿಯುವ ವಿಧಾನ

ಹೊಲದಲ್ಲಿ ಇದ್ದಂತೆಯೇ, ಒಳಗಿನ ರಂಧ್ರಗಳ ಸಮೇತ ಮಣ್ಣಿನ ಗಾತ್ರವನ್ನು ಹಿಡಿದು ಲೆಕ್ಕ ಹಾಕಿದ ಸಾಂದ್ರತೆಗೆ ಸ್ಥೂಲ ಸಾಂದ್ರತೆ ಎನ್ನುತ್ತಾರೆ. ಕಪ್ಪು ಜೇಡಿ ಮಣ್ಣುಗಳಲ್ಲಿ ಇದು ಸಾಮಾನ್ಯವಾಗಿ 1.1ರಿಂದ 1.4, ಕೆಂಪು ಮರಳು ಮಿಶ್ರಿತ ಮಣ್ಣುಗಳಲ್ಲಿ 1.4ರಿಂದ 1.6 ಗ್ರಾಂ ಇರುತ್ತದೆ.

ಎರಡೂ ಕಡೆ ತೆರೆದ, ಒಳವ್ಯಾಸ 8 ಸೆಂ.ಮೀ., ಎತ್ತರ 10 ಸೆಂ.ಮೀ. ಇರುವ ಕಬ್ಬಿಣದ ಕೊಳವೆಯನ್ನು ಹದವಾದ ತೇವವಿರುವ ಮಣ್ಣಿಗೆ ನೇರವಾಗಿ ಇಳಿಸಿ, ಸುತ್ತಲೂ ಅಗೆದು ಹೊರತೆಗೆದು, ಎರಡೂ ತುದಿಗಳನ್ನು ಚಾಕುವಿನಿಂದ ಸಮ ಮಾಡಬೇಕು. ಕೊಳವೆಯ ಗಾತ್ರ = 0.7854 × ವ್ಯಾಸ × ವ್ಯಾಸ × ಎತ್ತರ. ಇಲ್ಲಿ 0.7854 × 8 × 8 × 10 = 503 ಘನ ಸೆಂ.ಮೀ. ಮಣ್ಣನ್ನು ಪ್ರಯೋಗಾಲಯದ ಒಲೆಯಲ್ಲಿ 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಒಣಗಿಸಿ ತೂಗಬೇಕು. ಹಸಿ ತೂಕ 860 ಗ್ರಾಂ, ಒಣ ತೂಕ 730 ಗ್ರಾಂ ಬಂದಿತೆನ್ನೋಣ. ಸಾಂದ್ರತೆ 730 ÷ 503 = 1.45 ಗ್ರಾಂ. ಒಣಗಿಸದೆ ಹಸಿ ತೂಕವನ್ನೇ ಹಿಡಿದರೆ 1.71 ಬಂದು, ಹೊಲ ಕಲ್ಲಿನಂತೆ ಗಟ್ಟಿಯಾಗಿದೆ ಎಂಬ ತಪ್ಪು ಅಭಿಪ್ರಾಯಕ್ಕೆ ಬರುತ್ತೇವೆ. ಕಪ್ಪು ಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುವುದರಿಂದ ಅದರಲ್ಲಿ ಒಣಗಿದ ಕಾಲದಲ್ಲಿ ಮಾದರಿ ತೆಗೆಯಬಾರದು.

ಇದೇ ಅಂಕಿಗಳಿಂದ ತೇವಾಂಶದ ಲೆಕ್ಕವೂ ದೊರೆಯುತ್ತದೆ. ಮಣ್ಣಿನಲ್ಲಿದ್ದ ನೀರು 860 − 730 = 130 ಗ್ರಾಂ, ಅಂದರೆ 130 ಘನ ಸೆಂ.ಮೀ. 130 ÷ 503 = 0.26. ಗಾತ್ರದ ಶೇಕಡಾ 26 ಭಾಗ ನೀರು. 15 ಸೆಂ.ಮೀ. ಅಂದರೆ 150 ಮಿ.ಮೀ. ಆಳದ ಮಣ್ಣಿನಲ್ಲಿ 150 × 0.26 = 39 ಮಿ.ಮೀ. ಮಳೆಯಷ್ಟು ನೀರು ಇದೆ ಎಂದಾಯಿತು.

ಸಾಂದ್ರತೆ ಹೆಚ್ಚಾದಷ್ಟೂ ಮಣ್ಣಿನಲ್ಲಿ ಗಾಳಿ, ನೀರುಗಳಿಗೆ ಜಾಗ ಕಡಿಮೆಯಾಗುತ್ತದೆ. ಜೇಡಿ ಮಣ್ಣಿನಲ್ಲಿ ಸುಮಾರು 1.47, ಮರಳು ಮಣ್ಣಿನಲ್ಲಿ ಸುಮಾರು 1.8 ಗ್ರಾಂ ದಾಟಿದರೆ ಬೇರು ಇಳಿಯುವುದು ಕಷ್ಟ. ತೇವ ಹೆಚ್ಚಿರುವಾಗ ಭಾರದ ಟ್ರ್ಯಾಕ್ಟರನ್ನು ಪದೇ ಪದೇ ಓಡಿಸಿದ ಹೊಲಗಳಲ್ಲಿ ನೇಗಿಲ ಪದರದ ಕೆಳಗೆ ಇಂತಹ ಗಟ್ಟಿ ಪದರ ಕಾಣುತ್ತದೆ.

ಒಂದು ಹೆಕ್ಟೇರ್ ಮಣ್ಣಿನ ತೂಕ ಮತ್ತು ಜಿಪ್ಸಂ

ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. 15 ಸೆಂ.ಮೀ. ಆಳಕ್ಕೆ ಅದರ ಗಾತ್ರ 10,000 × 0.15 = 1500 ಘನ ಮೀಟರ್. ಇದನ್ನು ಸಾಂದ್ರತೆಯಿಂದ ಗುಣಿಸಿದರೆ ಮಣ್ಣಿನ ತೂಕ ಟನ್ನುಗಳಲ್ಲಿ ಬರುತ್ತದೆ. ರೂಢಿಯಲ್ಲಿ ಇದನ್ನು 2240 ಟನ್ ಅಥವಾ 22,40,000 ಕಿಲೋ ಎಂದು ಹಿಡಿಯುತ್ತಾರೆ. 2240 ÷ 1500 = 1.49. ಅಂದರೆ ಈ ರೂಢಿಯ ಅಂಕಿಯೊಳಗೆ 1.49 ಗ್ರಾಂ ಸಾಂದ್ರತೆಯ ಮಣ್ಣು ಅಡಗಿದೆ. ಕೆಂಪು ಮಣ್ಣಿಗೆ ಇದು ಹತ್ತಿರವೇ. 1.2 ಗ್ರಾಂ ಸಾಂದ್ರತೆಯ ಕಪ್ಪು ಮಣ್ಣಿನಲ್ಲಿ ನಿಜವಾದ ತೂಕ 1500 × 1.2 = 1800 ಟನ್ ಮಾತ್ರ.

ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟು ಪ್ರದೇಶಗಳಲ್ಲಿ ಕರಲು ಮಣ್ಣಿನ ಸುಧಾರಣೆಗೆ ಜಿಪ್ಸಂ ಹಾಕುವ ರೈತರಿಗೆ ಈ ವ್ಯತ್ಯಾಸ ಮುಖ್ಯ. 100 ಗ್ರಾಂ ಮಣ್ಣಿನಲ್ಲಿ 1 ಮಿಲಿ ಇಕ್ವಿವಲೆಂಟ್ ಸೋಡಿಯಂ ತೆಗೆಯಲು ಪ್ರತಿ ಟನ್ ಮಣ್ಣಿಗೆ 0.861 ಕಿಲೋ ಶುದ್ಧ ಜಿಪ್ಸಂ ಬೇಕು. ಪ್ರಯೋಗಾಲಯದ ವರದಿಯಂತೆ 4 ಮಿಲಿ ಇಕ್ವಿವಲೆಂಟ್ ತೆಗೆಯಬೇಕಾಗಿದೆ ಎನ್ನೋಣ.

ರೂಢಿಯ ತೂಕದಿಂದ: 0.861 × 4 × 2240 = 7715 ಕಿಲೋ, ಸುಮಾರು 7.7 ಟನ್.
ನಿಜವಾದ ತೂಕದಿಂದ: 0.861 × 4 × 1800 = 6199 ಕಿಲೋ, ಸುಮಾರು 6.2 ಟನ್.

ಹೆಕ್ಟೇರಿಗೆ ಒಂದೂವರೆ ಟನ್ ಜಿಪ್ಸಂ, ಅದರ ಸಾಗಾಣಿಕೆ, ಹರಡುವ ಕೂಲಿ ಇಷ್ಟೂ ಉಳಿಯುತ್ತದೆ. ಮಾರುಕಟ್ಟೆಯ ಜಿಪ್ಸಂ ಪೂರ್ಣ ಶುದ್ಧವಾಗಿರುವುದಿಲ್ಲ. ಶುದ್ಧತೆ ಶೇಕಡಾ 75 ಇದ್ದರೆ 6.2 ÷ 0.75 = 8.3 ಟನ್ ಹಾಕಬೇಕು. ಬಸಿಗಾಲುವೆಯ ವ್ಯವಸ್ಥೆಯಿಲ್ಲದೆ ಎಷ್ಟು ಜಿಪ್ಸಂ ಹಾಕಿದರೂ ಸೋಡಿಯಂ ಹೊಲದಿಂದ ಹೊರಹೋಗುವುದಿಲ್ಲ ಎಂಬುದನ್ನು ಮರೆಯಬಾರದು.

ಹಾಲು, ಎಣ್ಣೆ, ಕಾಳು

ಲ್ಯಾಕ್ಟೋಮೀಟರಿನ ಅಂಕಿಯೂ ಸಾಂದ್ರತೆಯೇ. ಅದು 30 ತೋರಿಸಿದರೆ ಹಾಲು ನೀರಿಗಿಂತ 1.030 ಪಟ್ಟು ಭಾರ, ಅಂದರೆ ಒಂದು ಲೀಟರಿಗೆ ಸುಮಾರು 1.03 ಕಿಲೋ. ಉಪಕರಣದ ಮೇಲೆ ನಮೂದಿಸಿರುವ ಉಷ್ಣತೆಯಲ್ಲಿಯೇ ಓದಬೇಕು ಅಥವಾ ತಿದ್ದುಪಡಿ ಮಾಡಿಕೊಳ್ಳಬೇಕು. 10 ಲೀಟರ್ ಹಾಲು 10.3 ಕಿಲೋ ತೂಗುತ್ತದೆ. ದರ ಕಿಲೋಗೆ ನಿಗದಿಯಾಗಿದ್ದು ಹಾಲನ್ನು ಲೀಟರಿನಲ್ಲಿ ಅಳೆದು ಅದೇ ಅಂಕಿಯನ್ನು ಬರೆದುಕೊಂಡರೆ, ಪ್ರತಿ 100 ಲೀಟರಿಗೆ 3 ಕಿಲೋ ಹಾಲಿನ ಹಣ ಉತ್ಪಾದಕರಿಗೆ ತಪ್ಪುತ್ತದೆ. ಆದ್ದರಿಂದ ಪಾಸ್ ಪುಸ್ತಕದಲ್ಲಿರುವುದು ಲೀಟರೋ ಕಿಲೋ ಎಂದು ನೋಡಿಕೊಳ್ಳಬೇಕು.

ಎಣ್ಣೆ ಇದಕ್ಕೆ ವಿರುದ್ಧ. ಒಂದು ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. ಗಾಣದಿಂದ ಎಣ್ಣೆ ತೆಗೆಸಿ ಮಾರುವವರು ಕಿಲೋ ದರವನ್ನು 0.91ರಿಂದ ಗುಣಿಸಿ ಲೀಟರ್ ದರ ಕಟ್ಟಬೇಕು.

ಕಣಜ ಕಟ್ಟಿಸುವಾಗಲೂ ಇದೇ ಮಾರ್ಗ. 1 ಮೀ. ಉದ್ದ, 1 ಮೀ. ಅಗಲ, 1.5 ಮೀ. ಎತ್ತರದ ಕಣಜದ ಗಾತ್ರ 1.5 ಘನ ಮೀಟರ್. ನಿಮ್ಮ ಭತ್ತ ಲೀಟರಿಗೆ 0.57 ಕಿಲೋ ತೂಗಿದರೆ 1500 × 0.57 = 855 ಕಿಲೋ, ಎಂಟೂವರೆ ಕ್ವಿಂಟಾಲ್ ಹಿಡಿಯುತ್ತದೆ. ತಳಿ, ತೇವ ಮತ್ತು ಜೊಳ್ಳಿನ ಪ್ರಮಾಣಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ನಿಮ್ಮ ಕಾಳನ್ನು ನೀವೇ ತೂಗಿ ನೋಡಿರಿ.

ಭತ್ತದ ಬೀಜದಲ್ಲಿ ಜೊಳ್ಳು ಬೇರ್ಪಡಿಸುವ ಉಪ್ಪು ನೀರಿಗೂ ಸಾಂದ್ರತೆ ಹೇಳಿರುತ್ತಾರೆ. 1.13 ಎಂದು ಹೇಳಿದ್ದರೆ ಒಂದು ಲೀಟರ್ ದ್ರಾವಣ 1130 ಗ್ರಾಂ ತೂಗುವವರೆಗೆ ಉಪ್ಪು ಕರಗಿಸಬೇಕು. ಉಪ್ಪಿನಲ್ಲಿ ತೇವ, ಕಲ್ಮಶ ಇರುವುದರಿಂದ ಉಪ್ಪನ್ನು ತೂಗುವುದಕ್ಕಿಂತ ದ್ರಾವಣವನ್ನು ತೂಗುವುದೇ ಖಚಿತ. ಮುಳುಗಿದ ಬೀಜವನ್ನು ತಕ್ಷಣ ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಗ್ರಾಂ-ಘನ ಸೆಂ.ಮೀ., ಕಿಲೋ-ಲೀಟರ್, ಟನ್-ಘನ ಮೀಟರ್: ಈ ಮೂರರಲ್ಲಿ ಅಂಕಿ ಒಂದೇ.
2. ಕಿಲೋ-ಘನ ಮೀಟರಿಗೆ ಹೋಗುವಾಗ 1000ದಿಂದ ಗುಣಿಸಬೇಕು, ಹಿಂದಿರುಗುವಾಗ 1000ದಿಂದ ಭಾಗಿಸಬೇಕು.
3. ಅಂಕಿಯ ಜೊತೆಗೆ ಏಕಮಾನವನ್ನು ತಪ್ಪದೆ ಬರೆಯಬೇಕು.
4. ಒಣ ತೂಕವೋ ಹಸಿ ತೂಕವೋ, ಒತ್ತಿ ತುಂಬಿದ್ದೋ ಸಡಿಲವಾಗಿ ತುಂಬಿದ್ದೋ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.
5. ಕೊನೆಯಲ್ಲಿ ಉತ್ತರವನ್ನು ನೀರಿನೊಂದಿಗೆ ಹೋಲಿಸಿ ನೋಡಬೇಕು.

ಅಭ್ಯಾಸದ ಲೆಕ್ಕಗಳು

ಅ) ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.38 ಗ್ರಾಂ. ಘನ ಮೀಟರಿಗೆ ಎಷ್ಟು ಕಿಲೋ?
ಆ) ಸಾಂದ್ರತೆ 1.3 ಇರುವ ಒಂದು ಹೆಕ್ಟೇರ್ ಹೊಲದಲ್ಲಿ 15 ಸೆಂ.ಮೀ. ಆಳದ ಮಣ್ಣಿನ ತೂಕವೆಷ್ಟು? 3 ಮಿಲಿ ಇಕ್ವಿವಲೆಂಟ್ ಸೋಡಿಯಂ ತೆಗೆಯಲು ಶುದ್ಧ ಜಿಪ್ಸಂ ಎಷ್ಟು ಬೇಕು?
ಇ) ಲ್ಯಾಕ್ಟೋಮೀಟರ್ 29 ತೋರಿಸುವ 8 ಲೀಟರ್ ಹಾಲಿನ ತೂಕವೆಷ್ಟು?
ಈ) 15 ಕಿಲೋ ಎಣ್ಣೆಯ ಡಬ್ಬದಲ್ಲಿ ಎಷ್ಟು ಲೀಟರ್ ಇರುತ್ತದೆ? (ಸಾಂದ್ರತೆ 0.91)

ಉತ್ತರಗಳು: ಅ) 1380 ಕಿಲೋ. ಆ) 1950 ಟನ್, ಸುಮಾರು 5 ಟನ್. ಇ) 8.23 ಕಿಲೋ. ಈ) ಸುಮಾರು 16.5 ಲೀಟರ್.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕಗಳನ್ನು ಅವರ ಕೈಯಿಂದಲೇ ಮಾಡಿಸಿರಿ. ಟ್ರೇಲರನ್ನು ಅಳೆಯುವುದು, ಬಕೆಟ್ ತೂಗುವುದು ಅವರಿಗೆ ಆಟ, ನಿಮಗೆ ಉಪಯೋಗ. ಮುಂದಿನ ಹಂಗಾಮಿಗೆ ಗೊಬ್ಬರ ಹೊಡೆಸುವ ಮುನ್ನ ತಿಪ್ಪೆಯ ಬಳಿ ಒಂದು ಬಕೆಟ್ಟನ್ನೂ ಒಂದು ತಕ್ಕಡಿಯನ್ನೂ ಒಯ್ಯಿರಿ. ಆ ರೈತರು ಮರುವರ್ಷ ಹಾಗೆಯೇ ಮಾಡಿ, ಎಂಟು ಲೋಡು ಹೊಡೆಸಿ, ಪ್ರತಿ ಲೋಡಿನ ತೂಕವನ್ನೂ ಮಗಳ ನೋಟ್ ಪುಸ್ತಕದಲ್ಲಿ ಬರೆಸಿಟ್ಟಿದ್ದರು.